ಹದಿನೇಳನೇ ಫ್ರೇಮಿನ ಹರಿಗೋಲು

ಹೊಳೆನರಸೀಪುರ
2 ಫೆಬ್ರವರಿ 1994

ಪ್ರೀತಿಯ ಯಮುನಾ,

ಎರಡು ಫಿಲ್ಮ್ ರೋಲುಗಳನ್ನು ನಮ್ಮ ಕಾಲೇಜಿನ ಅಟೆಂಡರ್ ದೊಡ್ಡಯ್ಯನ ಕೈಯಲ್ಲಿ ಕಳಿಸುತ್ತಿದ್ದೇನೆ. ಬಿಸಿಲಿನಲ್ಲಿ ಇಡಬೇಡ, ಬಸ್ಸಿನಲ್ಲಿ ಎಂಜಿನ್ ಪಕ್ಕ ಕೂರಬೇಡ ಎಂದು ಮೂರು ಸಲ ಹೇಳಿದೆ. "ಅದೇನ್ ಮೊಟ್ಟೆನಾ ಮೇಡಂ, ಒಡೆದೋಗಕೆ?" ಎಂದು ನಕ್ಕ. ಅರಕಲಗೂಡಿಗೆ ಅವನು ಮುಟ್ಟುವವರೆಗೆ ನನಗೆ ನೆಮ್ಮದಿ ಇಲ್ಲ.

ಹೊನ್ನಾವರದ ಪ್ರವಾಸ ಮುಗಿಯಿತು. ನಲವತ್ತು ಹುಡುಗಿಯರು, ಮೂವರು ಅಧ್ಯಾಪಕರು, ಒಂದು ಮುದಿ ಬಸ್ಸು. ನಿನಗೆಂದು ಹಿಡಿದಿಟ್ಟಿದ್ದ ಸೀಟಿಗೆ ಹೊರಡುವ ಹಿಂದಿನ ದಿನ ಪ್ರಿನ್ಸಿಪಾಲರ ಭಾವಮೈದ ಬಂದು ಕೂತ. ನನ್ನಿಂದ ತಡೆಯಲಾಗಲಿಲ್ಲ. ಹೇಗೂ ನಿನಗೆ ಈಗ ಪರೀಕ್ಷೆಯ ಹಾಲ್‌ಟಿಕೆಟ್ ಫೋಟೋಗಳ ಕಾಲ, ನಿಮ್ಮ ಸ್ಟುಡಿಯೋ ಪಾಲಾಕ್ಷಣ್ಣ ಬಿಡುತ್ತಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮುಂದಿನ ವರ್ಷ ನೀನು ಬಂದೇ ಬರುತ್ತೀಯ. ಕಡಲನ್ನು ನೋಡದವಳು ಕಡಲಿನ ಇಷ್ಟು ಚಿತ್ರಗಳನ್ನು ತೊಳೆದು ಒಣಗಿಸಿದ್ದಾಳೆ ಎಂದರೆ ಯಾರೂ ನಂಬಲಾರರು.

ಕೊನೆಯ ದಿನ ಬೆಳಗ್ಗೆ ಆರೂವರೆಗೆ, ಹುಡುಗಿಯರು ಏಳುವ ಮುಂಚೆ, ಒಬ್ಬಳೇ ದಕ್ಕೆಗೆ ಹೋದೆ. ದೋಣಿಗಳು ಬಂದು ನಿಲ್ಲುವ ಕಟ್ಟೆಗೆ ಅಲ್ಲಿ ದಕ್ಕೆ ಎನ್ನುತ್ತಾರೆ. ಶರಾವತಿ ಕಡಲನ್ನು ಸೇರುವ ಅಳಿವೆ ಅದು. ಮಂಜು ನೀರಿನಿಂದ ಒಂದು ಮೊಳ ಮೇಲೆದ್ದು ಅಲ್ಲೇ ನಿಂತಿತ್ತು. ಬಲಗಡೆ ದೋಣಿಗಳ ಸಾಲು, ಎಡಗಡೆ ಏನೂ ಇಲ್ಲ. ಆ ಏನೂ ಇಲ್ಲದ ಕಡೆಗೇ ನನ್ನ ಕಣ್ಣು ಹೋಗುತ್ತಿತ್ತು. ಮನೆಯಲ್ಲಿ ಅಮ್ಮನ ಔಷಧಿ, ಕಾಲೇಜಿನಲ್ಲಿ ಟೈಮ್‌ಟೇಬಲ್, ಇವುಗಳ ನಡುವೆ ನನಗೇ ಎಂದು ಒಂದು ಬೆಳಗು ಸಿಕ್ಕಿದ್ದು ಎಷ್ಟು ವರ್ಷಗಳ ಮೇಲೋ. ಎರಡನೇ ರೋಲಿನ ಹದಿನೇಳನೇ ಫ್ರೇಮು. ಅದನ್ನು ಮನಸ್ಸಿಟ್ಟು ಪ್ರಿಂಟ್ ಹಾಕು. ಹಿಂಬದಿಯಲ್ಲಿ ಎಂದಿನಂತೆ ನಮ್ಮಿಬ್ಬರ ಹೆಸರು ಬರೆ.

ನಿಮ್ಮ ಅಪ್ಪ ಹೋಗಿ ಮೂರು ತಿಂಗಳಾಯಿತಲ್ಲವೇ? ಬರಬೇಕೆಂದಿದ್ದೆ, ಆಗಲಿಲ್ಲ. ನಿಮ್ಮ ಅವ್ವ ಬೆಳ್ಳಮ್ಮನವರನ್ನು ನೋಡಿಕೋ.

ನಿನ್ನ
ಹಂಸಕ್ಕ

*

ಅರಕಲಗೂಡು
11 ಮಾರ್ಚ್ 1994

ಪೂಜ್ಯ ಹಂಸಕ್ಕನಿಗೆ,

ಯಮುನಾಳ ನಮಸ್ಕಾರ. ನಾವಿಲ್ಲಿ ಇದ್ದೇವೆ. ಅವ್ವ ಊಟ ಮಾಡುತ್ತಿದ್ದಾಳೆ.

ದೊಡ್ಡಯ್ಯ ರೋಲುಗಳನ್ನು ಎಲೆ ಅಡಿಕೆ ಚೀಲದಲ್ಲಿಟ್ಟುಕೊಂಡು ಬಂದಿದ್ದರು. ಡಬ್ಬಿಗೆ ಸುಣ್ಣ ಮೆತ್ತಿತ್ತು. ಒಳಗೆ ಏನೂ ಆಗಿಲ್ಲ, ಹೆದರಬೇಡಿ.

ತಡವಾದದ್ದಕ್ಕೆ ಕ್ಷಮಿಸಿ. ಹಾಲ್‌ಟಿಕೆಟ್ ಹುಡುಗರು ಸ್ಟುಡಿಯೋ ಬಾಗಿಲಲ್ಲಿ ಸಂತೆಯ ಹಾಗೆ ನಿಂತಿದ್ದರು. ಪಾಲಾಕ್ಷಣ್ಣ ಊಟಕ್ಕೆ ಮನೆಗೆ ಹೋದಾಗ ಮಾತ್ರ ನಿಮ್ಮ ಕೆಲಸ ಮಾಡಿದ್ದು. ಒಂದು ದಿನ ಬೇಗ ಬಂದುಬಿಟ್ಟು ಡಾರ್ಕ್‌ರೂಮಿನ ಬಾಗಿಲು ಬಡಿದರು. "ಏನಮ್ಮಾ ಯಮುನಾ, ಒಳಗೆ ಏನ್ ಮಾಡ್ತಿದ್ದೀಯ? ನಂಗೆ ಕೂಲಿ ಕೊಡೋ ಮಕ ಇಲ್ಲಿ ಕುಂತವೆ, ನೀನು ಅಲ್ಲಿ ಮೀನು ದೋಣಿ ತೊಳೀತಿದ್ದೀಯಲ್ಲಾ!" ಅಂದರು. ಆಮೇಲೆ ಒಣಗಿಸಲು ಹಾಕಿದ್ದನ್ನು ನೋಡಿ ಕನ್ನಡಕ ಒರೆಸಿಕೊಂಡರು.

ಹದಿನೇಳನೇ ಫ್ರೇಮಿನಲ್ಲಿ ದೋಣಿಗಳ ಸಾಲು ಚೆನ್ನಾಗಿ ಬಂದಿದೆ. ಎಡಗಡೆ ಮಾತ್ರ ಬೋಳು. ಆಕಾಶವೂ ಬೋಳು, ನೀರೂ ಬೋಳು. ನೀವು ಪಿಯುಸಿಯಲ್ಲಿ ನಮಗೆ ಪದ್ಯದ ಪಾಠ ಮಾಡುವಾಗ ಹೇಳಿದ್ದಿರಿ, ಪದ್ಯದಲ್ಲಿ ಖಾಲಿ ಬಿಟ್ಟ ಜಾಗಕ್ಕೆ ಓದುವವರು ಬಂದು ಕೂರಬೇಕು ಅಂತ. ಅದು ನೆನಪಾಯಿತು. ಸ್ವಲ್ಪ ಕೈಯಾಡಿಸಿದ್ದೇನೆ. ನೋಡಿದ ತಕ್ಷಣ ನಿಮಗೆ ಗೊತ್ತಾಗುತ್ತದೆ. ಬೇಡ ಅನಿಸಿದರೆ ಬೈದು ಬರೆಯಿರಿ, ನೀವು ತೆಗೆದ ಹಾಗೇ ಇನ್ನೊಂದು ಹಾಕಿ ಕಳಿಸುತ್ತೇನೆ.

ಹಿಂಬದಿಯಲ್ಲಿ ಬರೆದಿದ್ದೇನೆ: ನೋಟ ಹಂಸ, ಕೈ ಯಮುನಾ.

ನಿಮ್ಮ ಕಾಗದಕ್ಕೆ ಕಾಯುವ
ಯಮುನಾ

*

ಹೊಳೆನರಸೀಪುರ
17 ಮಾರ್ಚ್ 1994

ಪ್ರೀತಿಯ ಯಮುನಾ,

ಬೈಯುವುದೆ! ಬೆಳಗ್ಗೆಯಿಂದ ಈ ಚಿತ್ರವನ್ನು ಬಿಟ್ಟು ಎದ್ದಿಲ್ಲ.

ಎಡಗಡೆಯ ಆ ಮನುಷ್ಯ! ಹರಿಗೋಲಿನಲ್ಲಿ ನಮಗೆ ಬೆನ್ನು ಮಾಡಿ ನಿಂತು, ಬಿದಿರಿನ ಗಳುವನ್ನು ನೀರಿಗೆ ಊರಿ, ಇನ್ನೂ ಎತ್ತದೆ ಇರುವ ಆ ಗಳಿಗೆ. ಅವನ ಕೆಳಗೆ ನೀರಿನಲ್ಲಿ ಅವನದೇ ನೆರಳು, ಒಂದು ಸುಕ್ಕೂ ಇಲ್ಲದೆ. ನಾನು ಅವನನ್ನು ಗಮನಿಸಿರಲೇ ಇಲ್ಲ ಕಣೇ. ನನ್ನ ಕಣ್ಣು ಮಂಜಿನ ಮೇಲಿತ್ತು, ಕ್ಯಾಮೆರಾ ಅವನನ್ನು ಕಂಡಿದೆ. ಈಗ ಯೋಚಿಸಿದರೆ ಗಳು ನೀರಿಗೆ ಬಿದ್ದ ಸದ್ದು ಕೇಳಿದ ಹಾಗೆಯೂ ನೆನಪಾಗುತ್ತಿದೆ. ಬೋಳಾಗಿದ್ದ ಆಕಾಶವನ್ನು ಎಷ್ಟು ಹದವಾಗಿ ಬೂದಿ ಬಣ್ಣಕ್ಕೆ ತಂದಿದ್ದೀಯ! ಕೈಯಾಡಿಸಿದ್ದೇನೆ ಎಂದದ್ದು ಇದಕ್ಕೇ ಅಲ್ಲವೇ? ಇದಕ್ಕೆಲ್ಲ ಅಪ್ಪಣೆ ಕೇಳುತ್ತಾರೇನೇ ಹುಚ್ಚಿ.

ಅಮ್ಮನಿಗೆ ತೋರಿಸಿದೆ. "ಅಲ್ವೇ, ಹೋಗಿ ಹೋಗಿ ಮೀನು ದೋಣಿ ಪಟಾನ ದೇವರ ಮನೆ ಎದುರಿಗೆ ಹಾಕ್ತೀಯಾ? ಕಾಮಾಕ್ಷಮ್ಮನ ಮಗಳು ಮೀನುಪೇಟೆ ಇಟ್ಟಳು ಅಂತಾರೆ!" ಎಂದಳು. ಆಮೇಲೆ ಚಿತ್ರವನ್ನು ಹತ್ತಿರ ಹಿಡಿದು, "ಇವನು ಯಾರೋ ಪಾಪ, ಒಂಟಿ" ಎಂದಳು.

ಹಾಸನದಲ್ಲಿ ಜಿಲ್ಲಾ ಮಟ್ಟದ ಸ್ಪರ್ಧೆಯೊಂದಿದೆ, ಇದನ್ನೇ ಕಳಿಸುತ್ತೇನೆ. ಹದಿನೈದಿಂಚಿನದು ಒಂದು ಹಾಕಿಕೊಡು. ಗೆದ್ದರೆ ಇಬ್ಬರೂ ಗೆದ್ದ ಹಾಗೆ.

ನಿನ್ನ
ಹಂಸಕ್ಕ

*

ಹೊಳೆನರಸೀಪುರ
22 ನವೆಂಬರ್ 1994

ಪ್ರೀತಿಯ ಯಮುನಾ,

ಮೊದಲ ಬಹುಮಾನ! ಪತ್ರಿಕೆಯಲ್ಲಿ ನೋಡಿರಬಹುದು. ಮೊನ್ನೆಯ ಸಮಾರಂಭದಲ್ಲಿ ತೀರ್ಪುಗಾರರು ಚಿತ್ರದ ಮುಂದೆ ನಿಂತು, "ಈ ಹರಿಗೋಲಿನವನು ಇಲ್ಲದಿದ್ದರೆ ಇದು ಬರೀ ಬಂದರು" ಎಂದರು. ನಾನೂ ನಾಲ್ಕು ಮಾತಾಡಿದೆ. ಆ ಬೆಳಗಿನ ಬಗ್ಗೆ, ಅವನು ಒಮ್ಮೆ ತಿರುಗಿ ನೋಡಿ ಮತ್ತೆ ಮುಖ ತಿರುಗಿಸಿಕೊಂಡ ಬಗ್ಗೆ. ನಿನ್ನ ಹೆಸರನ್ನೂ ಹೇಳಬೇಕಿತ್ತು. ಮೈಕು ಕೈಕೊಟ್ಟಿತು, ಮಂತ್ರಿಗಳು ಹೊರಡುವ ಆತುರದಲ್ಲಿದ್ದರು.

ಅರ್ಜಿಯಲ್ಲಿ ಹೆಸರಿಗೆ ಒಂದೇ ಗೆರೆ ಇತ್ತು. ಚಿತ್ರವನ್ನು ರಟ್ಟಿಗೆ ಅಂಟಿಸಲೇಬೇಕು ಎಂಬ ನಿಯಮ ಬೇರೆ, ಹಿಂಬದಿಯ ನಿನ್ನ ಬರಹ ಅದರೊಳಗೆ ಹೋಯಿತು. ನಿನಗೆ ಇದೆಲ್ಲ ಬೇಸರವಾಗುವ ವಿಷಯವಲ್ಲ ಎಂದು ನನಗೆ ಗೊತ್ತು.

ಜನವರಿಯಲ್ಲಿ ಕಾರವಾರಕ್ಕೆ ಯೋಚನೆ ಇದೆ. ನೀನು ಸಿದ್ಧವಾಗಿರು.

ಹಂಸಕ್ಕ

*

ಅರಕಲಗೂಡು
3 ಡಿಸೆಂಬರ್ 1994

ಹಂಸಕ್ಕನಿಗೆ ನಮಸ್ಕಾರ.

ಬಹುಮಾನ ಬಂದದ್ದು ಸಂತೋಷ. ನಾನು ಬಂದಿದ್ದೆ. ಪಾಲಾಕ್ಷಣ್ಣನ ಹತ್ತಿರ ಅರ್ಧ ದಿನ ರಜೆ ಕೇಳಿ ಹಾಸನದ ಬಸ್ಸು ಹತ್ತಿದೆ. ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕ ಕೂತಿದ್ದೆ. ಮೈಕು ಸರಿಯಾಗಿತ್ತು ಅಕ್ಕ. ನೀವು ಹೇಳಿದ್ದೆಲ್ಲ ಅಲ್ಲಿಗೆ ಕೇಳಿಸಿತು.

ಆ ಮನುಷ್ಯ ತಿರುಗಿ ನೋಡಿದ ಅಂದಿರಲ್ಲ, ಮುಖ ಹೇಗಿತ್ತು?

ಯಮುನಾ

*

ಚನ್ನರಾಯಪಟ್ಟಣ
18 ಅಕ್ಟೋಬರ್ 2001

ಹಂಸಕ್ಕನಿಗೆ,

ಇಷ್ಟು ವರ್ಷಗಳ ಮೇಲೆ ಯಾರ ಅಕ್ಷರವೋ ಅಂತ ನೋಡುತ್ತೀರೇನೋ. ನಾನೇ, ಯಮುನಾ. ಪಾಲಾಕ್ಷಣ್ಣ ಸ್ಟುಡಿಯೋ ಮುಚ್ಚಿದರು. ಪ್ರಿಂಟ್ ಹಾಕುವ ಹಳೆಯ ಎನ್‌ಲಾರ್ಜರ್, ನೆಗೆಟಿವ್ ಟ್ರಂಕು ನನಗೇ ಕೊಟ್ಟರು. ಇಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೇ ಒಂದು ಸಣ್ಣ ಅಂಗಡಿ ಹಾಕಿದ್ದೇನೆ. ಅವ್ವ ಜೊತೆಗಿದ್ದಾಳೆ.

ಕಂಪ್ಯೂಟರ್ ತಂದೆ. ಬ್ರಷ್ಷು, ಪೆನ್ಸಿಲ್ಲು ಎಲ್ಲ ಮೂಲೆಗೆ ಸೇರಿದವು. ನಿನ್ನೆ ಬಾಗೂರಿನಿಂದ ಒಬ್ಬರು ಅಜ್ಜಿ ಬಂದಿದ್ದರು. ಸೆರಗಿನಿಂದ ಗಂಡನ ವೋಟರ್ ಕಾರ್ಡ್ ಬಿಚ್ಚಿ, "ನಮ್ಮೆಜಮಾನ್ರು ಓಗಿ ಆರು ವರ್ಸಾತು. ಜತೇಲಿ ಒಂದು ಪಟ ತೆಗಿಸ್ಕಳಕಾಗ್ನಿಲ್ಲ. ಪಕ್ಕದಲ್ಲಿ ಕೂರ್ಸಮ್ಮಿ" ಅಂದರು. ಕೂರಿಸಿದೆ. ನೋಡಿ, "ಈಗ್ಲೂ ಸಿಡುಕ್ತಾನೇ ಕುಂತವ್ನೆ ನೋಡು!" ಅಂತ ಬೈದು, ಸೆರಗಿನಲ್ಲಿ ಸುತ್ತಿಕೊಂಡು ಹೋದರು. ವಾರಕ್ಕೆ ಇಂಥವು ಮೂರು ನಾಲ್ಕು ಬರುತ್ತವೆ. ಅವರ ಬೆನ್ನು ನೋಡುತ್ತಾ ಇದ್ದಾಗ ನಿಮ್ಮ ನೆನಪಾಯಿತು. ಯಾಕೆ ಅಂತ ಎದುರು ಕೂತರೆ ಹೇಳಬಹುದಿತ್ತು. ಈ ಕಡೆ ಬಂದರೆ ಬನ್ನಿ.

ಯಮುನಾ

*

ಹೊಳೆನರಸೀಪುರ
9 ಮಾರ್ಚ್ 2003

ಪ್ರೀತಿಯ ಯಮುನಾ,

ನಿನ್ನ ಕಾಗದಕ್ಕೆ ಆಗಲೇ ಬರೆಯಬೇಕಿತ್ತು. ಅಮ್ಮನ ಕೊನೆಯ ದಿನಗಳು. ಅವಳು ಹೋದ ಮೇಲೆ ಮನೆಯಲ್ಲಿ ಸಮಯ ಹೆಚ್ಚಾಯಿತು, ಬರೆದೆ. ಪ್ರಬಂಧಗಳ ಒಂದು ಪುಸ್ತಕ ಬರುತ್ತಿದೆ. ಕೊನೆಯದು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಆ ಹರಿಗೋಲಿನವನ ಮೇಲೆ. ಒಂಬತ್ತು ವರ್ಷ ಅವನು ನನ್ನ ಮೇಜಿನ ಎದುರು ನಿಂತಿದ್ದಾನೆ. ಅಮ್ಮ ಉಸಿರಾಟಕ್ಕೆ ಕಷ್ಟಪಡುತ್ತಿದ್ದ ದಿನಗಳಲ್ಲಿ ನಾನು ಅವನ ಬೆನ್ನನ್ನು ನೋಡುತ್ತಾ ಕೂರುತ್ತಿದ್ದೆ. ಗಳು ಎತ್ತುತ್ತಾನೆ, ಈಗ ಎತ್ತುತ್ತಾನೆ ಎಂದು.

ಮುಖಪುಟಕ್ಕೆ ಅದೇ ಚಿತ್ರ ಬೇಕು. ಒಂದು ಒಳ್ಳೆಯ ಪ್ರಿಂಟ್ ಕಳಿಸುತ್ತೀಯಾ?

ಹಂಸಕ್ಕ

(ಕಾರ್ಡಿನಲ್ಲಿ ಬಂದ ಉತ್ತರ, 20 ಮಾರ್ಚ್ 2003: "ಹೊಸ ಪ್ರಿಂಟ್ ಹಾಕಲಾಗುವುದಿಲ್ಲ ಅಕ್ಕ. ಹಳೆಯದು ನನ್ನ ಹತ್ತಿರ ಒಂದಿತ್ತು, ಪೋಸ್ಟ್ ಮಾಡಿದ್ದೇನೆ. ಅಚ್ಚು ಮಾಡುವ ಮುಂಚೆ ಒಂದು ಸಲ ಬಂದು ಹೋಗಿ. ಮಾತಾಡುವುದಿದೆ. ಯಮುನಾ.")

*

ಹೊಳೆನರಸೀಪುರ
14 ಜನವರಿ 2004

ಯಮುನಾ,

"ಪ್ರೀತಿಯ" ಎಂದು ಬರೆದೆ. ಆ ಹಾಳೆಯನ್ನು ಹರಿದು ಹೊಸದನ್ನು ತೆಗೆದುಕೊಂಡೆ.

ಹೊನ್ನಾವರದಿಂದ ಒಂದು ಪತ್ರ ಬಂದಿದೆ. ಬರೆದವರು ಪ್ರಾಥಮಿಕ ಶಾಲೆಯ ಟೀಚರ್, ಕಡಲಿಗೆ ಹೋಗುವವರ ಮನೆಯ ಸೊಸೆ. ಅವರ ಮಾತಿನಲ್ಲೇ ಇಳಿಸುತ್ತೇನೆ:

"ನಿಮ್ಮ ಪುಸ್ತಕ ಓದಿದೆ, ಭಾಷೆ ಚೆಂದ ಉಂಟು. ಆದರೆ ಮುಖಪುಟದ ಆ ದೋಣಿ ಎಲ್ಲಿಯದು? ಬಿದಿರಿನ ಬುಟ್ಟಿಯಂಥ ದೋಣಿ ನಮ್ಮ ಅಳಿವೆಯಲ್ಲಿ ಯಾರ ಹತ್ತಿರವೂ ಇಲ್ಲ. ನೀರು ಕಡಲಿಗೆ ಎಳೆಯುವ ಇಳಿತದ ಹೊತ್ತಿಗೆ ಅದರಲ್ಲಿ ನಿಂತವ ನಿಮ್ಮ ಕಡೆ ತಿರುಗಿ ನೋಡುವಷ್ಟು ಹೊತ್ತು ಇರುವುದಿಲ್ಲ, ಕಡಲಿಗೇ ಹೋಗಿರುತ್ತಾನೆ. ಮಾವನವರಿಗೆ ತೋರಿಸಿದೆ. ನಕ್ಕು ನಕ್ಕು ಕೆಮ್ಮು ಹತ್ತಿತು."

ಮೊದಲು ಸಿಟ್ಟು ಬಂತು. ಆಮೇಲೆ ಚಿತ್ರದ ಮುಂದೆ ಕೂತೆ. ಹತ್ತು ವರ್ಷಗಳಲ್ಲಿ ಮೊದಲ ಸಲ ಅದನ್ನು ನೋಡಿದೆ. ಬಲಗಡೆಯ ದೋಣಿಗಳ ಮೇಲಿನ ಬೆಳಕು ಒಂದು ಕಡೆಯಿಂದ, ಹರಿಗೋಲಿನವನ ಮೈಮೇಲಿನ ಬೆಳಕು ಇನ್ನೊಂದು ಕಡೆಯಿಂದ. ಹೊಳೆಯ ದಂಡೆಯಲ್ಲಿ ಹುಟ್ಟಿದವಳು ನಾನು. ಹರಿಗೋಲು ಕಂಡರೆ ಅದು ನೀರಿನ ಮೇಲೆ ಇರಬೇಕಾದ್ದೇ ಎಂದುಕೊಂಡೆ. ಹಾಸನದ ತೀರ್ಪುಗಾರರೂ ಹಾಗೇ ಅಂದುಕೊಂಡರು. ಯಾರೂ, ಒಬ್ಬರೂ, ಕಡಲಿನಲ್ಲಿ ಹರಿಗೋಲು ಯಾಕೆ ಎಂದು ಕೇಳಲಿಲ್ಲ.

ಅವನನ್ನು ಅಲ್ಲಿಟ್ಟವಳು ನೀನು. ಹೌದಲ್ಲವೇ?

ಆ ಪ್ರಬಂಧವನ್ನು ಪದವಿ ತರಗತಿಗಳ ಪಠ್ಯಕ್ಕೆ ಆರಿಸಿದ್ದಾರೆ. ಮುಂದಿನ ವರ್ಷ ನಾನೇ ಅದನ್ನು ಪಾಠ ಮಾಡಬೇಕು. ಹುಡುಗಿಯರ ಮುಂದೆ ನಿಂತು ಏನು ಹೇಳಲಿ? ಅದು ಹೋಗಲಿ. ಸಭೆಯಲ್ಲಿ, ಪುಸ್ತಕದಲ್ಲಿ, ಅಮ್ಮನ ಹಾಸಿಗೆಯ ಪಕ್ಕದಲ್ಲಿ, ನಾನು ಅವನನ್ನು ಕಂಡೆ ಎಂದೇ ಹೇಳಿದ್ದೇನೆ. ಸುಳ್ಳು ಹೇಳಲಿಲ್ಲ ಯಮುನಾ. ಕಂಡಿದ್ದೆ. ಗಳುವಿನ ಸದ್ದು ಕೇಳಿದ್ದೆ, ಅವನ ಕಣ್ಣು ನೋಡಿದ್ದೆ. ಈಗ ಕಣ್ಣು ಮುಚ್ಚಿದರೂ ಕಾಣುತ್ತಾನೆ. ಇಲ್ಲದ್ದನ್ನು ನನ್ನ ನೆನಪಿನೊಳಗೆ ನೆಟ್ಟು, ನಾನು ಅದಕ್ಕೆ ನೀರು ಹಾಕುವುದನ್ನು ಹತ್ತು ವರ್ಷ ಸುಮ್ಮನೆ ನೋಡಿದೆಯಲ್ಲ. ನನಗೆ ಎಂದು ಇದ್ದದ್ದು ಒಂದು ಬೆಳಗು. ಇನ್ನು ಅದರಲ್ಲಿ ಯಾವುದು ನನ್ನದು, ಯಾವುದು ನಿನ್ನ ಡಾರ್ಕ್‌ರೂಮಿನದು ಎಂದು ಯಾರು ಬಿಡಿಸಿ ಹೇಳಬೇಕು?

ನೆಗೆಟಿವ್ ಕಳಿಸು. ಬೇರೆ ಏನೂ ಬರೆಯದಿದ್ದರೂ ನಡೆಯುತ್ತದೆ.

ಹಂಸ

*

ಚನ್ನರಾಯಪಟ್ಟಣ
6 ಫೆಬ್ರವರಿ 2004

ಹಂಸಕ್ಕನಿಗೆ,

ನೆಗೆಟಿವ್ ಇದರ ಜೊತೆಗಿದೆ. ಟ್ರಂಕಿಗೆ ನೀರು ಇಳಿದು ಬೂಷ್ಟು ಹಿಡಿದಿದೆ. ಅದರಿಂದ ಇನ್ನು ಪ್ರಿಂಟ್ ಆಗುವುದಿಲ್ಲ. ಆದರೆ ಕಿಟಕಿಗೆ ಹಿಡಿದು ನೋಡಿ, ಎಡಗಡೆಯ ಜಾಗ ಮಾತ್ರ ಉಳಿದಿದೆ. ಅಲ್ಲಿ ಯಾರೂ ಇಲ್ಲ.

ಇನ್ನೊಂದು ತುಂಡು ನೆಗೆಟಿವೂ ಇಟ್ಟಿದ್ದೇನೆ. ಅದು ನಾನು ತೆಗೆದದ್ದು. 1992ರಲ್ಲಿ ಹಾಲ್‌ಟಿಕೆಟ್ ಹುಡುಗರ ರೋಲಿನಲ್ಲಿ ಕೊನೆಯ ಒಂದು ಫ್ರೇಮು ಉಳಿದಿತ್ತು. ಪಾಲಾಕ್ಷಣ್ಣನ ಕ್ಯಾಮೆರಾ ಕೇಳಿಕೊಂಡು ರುದ್ರಪಟ್ಟಣಕ್ಕೆ ಹೋದೆ. ಕಾವೇರಿ ಕಡವಿನಲ್ಲಿ ಹರಿಗೋಲು ದಾಟಿಸುತ್ತಿದ್ದವನು ನಮ್ಮಪ್ಪ ಹುಲಿಯಪ್ಪ. ತಂಬೂರಿ ಹೊತ್ತ ಸಂಗೀತದವರನ್ನೂ ಹುಲ್ಲಿನ ಹೊರೆ ಹೊತ್ತ ನಮ್ಮವರನ್ನೂ ಒಂದೇ ಹರಿಗೋಲಿನಲ್ಲಿ ಕೂರಿಸುತ್ತಿದ್ದ. ಈ ಕಡೆ ತಿರುಗು ಅಪ್ಪ ಅಂದೆ. "ಓಗಮ್ಮಿ, ನನ್ನ ಮಕ ನೋಡಿ ಯಾರು ಉಣ್ಬೇಕು" ಅಂತ ತಿರುಗಲೇ ಇಲ್ಲ. ಅಪ್ಪನದು ಅಂತ ನಮ್ಮ ಮನೆಯಲ್ಲಿ ಇರುವುದು ಆ ಬೆನ್ನು ಒಂದೇ. ನೀವು ಅವನ ಮುಖ ನೋಡಿದೆ ಅಂದಿರಲ್ಲ, ಅದಕ್ಕೇ ಕೇಳಿದ್ದು.

ನಿಮ್ಮ ರೋಲು ಬಂದಾಗ ಅಪ್ಪ ಹೋಗಿ ಮೂರು ತಿಂಗಳು. ನಿಮ್ಮ ನೆಗೆಟಿವ್‌ನಲ್ಲಿ ನೀರು, ಮಂಜು, ಖಾಲಿ ಜಾಗ. ಕಡಲು ಅಂದರೆ ನನಗೆ ಗೊತ್ತಿದ್ದದ್ದು ನಿಮ್ಮ ಫೋಟೋಗಳಿಂದ. ನೀರು ಅಂದ ಮೇಲೆ ಅಪ್ಪ ಇರಬೇಕು, ಅಪ್ಪ ಅಂದ ಮೇಲೆ ಹರಿಗೋಲು ಇರಬೇಕು. ಅಲ್ಲಿ ಹರಿಗೋಲು ಇರುವುದಿಲ್ಲ ಅಂತ ನನಗೆ ಯಾರು ಹೇಳಬೇಕಿತ್ತು? ಬಸ್ಸಿನಲ್ಲಿ ಆ ಸೀಟು ಸಿಕ್ಕಿದ್ದರೆ ನನಗೇ ಗೊತ್ತಾಗುತ್ತಿತ್ತು.

ಒಂದೇ ಕಾಗದದ ಮೇಲೆ ಮೊದಲು ನಿಮ್ಮ ನೆಗೆಟಿವ್‌ನ ಬೆಳಕು ಬಿಟ್ಟೆ. ಆಮೇಲೆ ಅಪ್ಪನದು. ಹಿಂದಿನ ಹೊಳೆ ಬೆಳ್ಳಗಿದ್ದುದರಿಂದ ಅಪ್ಪ, ಹರಿಗೋಲು, ಗಳು ಇಷ್ಟು ಮಾತ್ರ ನಿಮ್ಮ ಮಂಜಿನ ಮೇಲೆ ಇಳಿದವು. ಕಷ್ಟವಾದದ್ದು ನೀರಿನೊಳಗಿನ ನೆರಳು. ಅವತ್ತು ಕಾವೇರಿಯಲ್ಲಿ ಗಾಳಿ, ಅಪ್ಪನ ನೆರಳು ಚೂರುಚೂರಾಗಿತ್ತು. ನಿಮ್ಮ ನೀರು ಗಾಜಿನ ಹಾಗೆ ನಿಂತಿತ್ತು. ನೆರಳಿಲ್ಲದೆ ನಿಂತವನು ದೆವ್ವದ ಹಾಗೆ ಕಂಡ. ಕೊನೆಗೆ ಅಪ್ಪನ ನೆಗೆಟಿವನ್ನೇ ತಲೆಕೆಳಗು ಮಾಡಿ, ಮೂರನೇ ಸಲ, ಕಡಿಮೆ ಬೆಳಕಿನಲ್ಲಿ ಇಳಿಸಿದೆ. ಇಪ್ಪತ್ತಮೂರು ಹಾಳೆ ಹಾಳಾದವು. ಇಪ್ಪತ್ತನಾಲ್ಕನೆಯದು ನಿಮಗೆ ಕಳಿಸಿದ್ದು. ಸ್ಪರ್ಧೆಯ ದೊಡ್ಡದೂ ನಾನಿಟ್ಟುಕೊಂಡದ್ದೂ ಆಮೇಲೆ ಅದೇ ಲೆಕ್ಕದಲ್ಲಿ ಹಾಕಿದವು. ಪಾಲಾಕ್ಷಣ್ಣನಿಗೆ ಅಪ್ಪನ ಪರಿಚಯ ಇತ್ತು. ಕನ್ನಡಕ ಒರೆಸಿಕೊಂಡರು ಅಂತ ಬರೆದಿದ್ದೆನಲ್ಲ, ಅದಕ್ಕೆ.

ನಮ್ಮ ಕಸುಬಿನಲ್ಲಿ ಇದನ್ನು ಮೋಸ ಅನ್ನುವುದಿಲ್ಲ ಅಕ್ಕ. ಹೋದವರನ್ನು ಇರುವವರ ಪಕ್ಕ ಕೂರಿಸುತ್ತೇವೆ, ನೋಡಿದವರಿಗೆ ಗೊತ್ತಿರುತ್ತದೆ. ನಿಮಗೂ ನೋಡಿದ ತಕ್ಷಣ ಗೊತ್ತಾಗುತ್ತದೆ, ಇದ್ಯಾರೇ ಅಂತ ಕೇಳುತ್ತೀರಿ, ಆಗ ಅಪ್ಪನ ಬಗ್ಗೆ ಹೇಳಬಹುದು ಅಂದುಕೊಂಡಿದ್ದೆ. ನೀವು ಕೇಳಲಿಲ್ಲ. ನೀವೇ ಕಂಡೆ ಅಂದುಬಿಟ್ಟಿರಿ. ಆಮೇಲೆ ಬಹುಮಾನ. ಆಮೇಲೆ ಸಭೆಯಲ್ಲಿ ಅಷ್ಟು ಜನದ ಮುಂದೆ ಎದ್ದು ನಿಂತು ಅದು ನಮ್ಮಪ್ಪ ಅನ್ನುವಷ್ಟು ಧೈರ್ಯ ನನಗಿರಲಿಲ್ಲ. ಪತ್ರಿಕೆಯಲ್ಲಿ ಬಂದ ಚಿತ್ರವನ್ನು ಅವ್ವ ಗುರುತು ಹಿಡಿದಳು. "ನಿಮ್ಮಪ್ಪ್ನೇ ಕಣಮ್ಮಿ ಇದು. ಅದ್ಯಾವ ನೀರಿಗೆ ಓಗ್ಬುಟ್ಟವ್ನೆ? ಯೇಳ್ದೆ ಕೇಳ್ದೆ!" ಅಂದಳು. ಕೆಳಗೆ ನಿಮ್ಮ ಹೆಸರು ಇತ್ತು. ಅವಳಿಗೆ ಓದಲು ಬಾರದ್ದು ಒಳ್ಳೆಯದಾಯಿತು.

ತಪ್ಪು ನನ್ನದೂ ಇದೆ. ಕಾರ್ಡಿನಲ್ಲಿ ಬಾಯಿಬಿಟ್ಟು ಬರೆಯದೆ ಬನ್ನಿ ಅಂತ ಮಾತ್ರ ಬರೆದೆ. ನೀವು ಬರುವುದಿಲ್ಲ ಅಂತ ಗೊತ್ತಿದ್ದೂ.

ಒಂದೇ ಮಾತು ಕೇಳುತ್ತೇನೆ. ಪುಸ್ತಕ ಇನ್ನೊಂದು ಸಲ ಅಚ್ಚಾದರೆ, ಎಲ್ಲಾದರೂ ಸಣ್ಣ ಅಕ್ಷರದಲ್ಲಿ, ಹರಿಗೋಲಿನಲ್ಲಿರುವವನು ರುದ್ರಪಟ್ಟಣದ ಕಡವಿನ ಹುಲಿಯಪ್ಪ ಅಂತ ಹಾಕಿಸಿ. ನನ್ನ ಹೆಸರು ಬೇಡ.

ಯಮುನಾ

*

ಹೊಳೆನರಸೀಪುರ
25 ಏಪ್ರಿಲ್ 2004

ಯಮುನಾ,

ಎರಡು ತಿಂಗಳು ನಿನ್ನ ಕಾಗದ ಮೇಜಿನ ಮೇಲಿತ್ತು. ನೆಗೆಟಿವನ್ನು ಕಿಟಕಿಗೆ ಹಿಡಿದೆ. ನೀನು ಹೇಳಿದ್ದು ನಿಜ, ಅಲ್ಲಿ ಯಾರೂ ಇಲ್ಲ. ಆದರೆ ನನ್ನ ಕಣ್ಣು ಅಲ್ಲಿ ಅವನನ್ನು ಇಟ್ಟೇ ನೋಡುತ್ತದೆ. ಏನು ಮಾಡಲಿ?

ಮೊನ್ನೆ ರುದ್ರಪಟ್ಟಣಕ್ಕೆ ಹೋಗಿದ್ದೆ. ಹೊಳೆಯ ಹತ್ತಿರ ಹೋಗಿ ನಿಂತೆ. ನನ್ನ ಬೆಳಗು ಇಲ್ಲಿಂದ ಹೊರಟದ್ದೇ ಎಂದು ಕೇಳಿಕೊಂಡೆ. ಮರಳು ತೆಗೆದ ಗುಂಡಿಗಳು ಮಾತ್ರ ಕಂಡವು. ನಿನ್ನ ಮೇಲಿನ ಸಿಟ್ಟು ಇಳಿದಿದೆ ಎಂದರೆ ಸುಳ್ಳು. ನಿನ್ನ ದುಃಖ ನನಗೆ ತಿಳಿಯುವುದಿಲ್ಲ ಎಂದರೂ ಸುಳ್ಳು. ನಿನ್ನ ಅಪ್ಪನನ್ನು ನೀನು ಕಳೆದುಕೊಂಡೆ. ಅವನನ್ನೇ ನಾನು ಈಗ ಕಳೆದುಕೊಳ್ಳುತ್ತಿದ್ದೇನೆ, ಅವನು ನನಗೆ ಏನೂ ಆಗಬೇಕಾದವನಲ್ಲ ಎಂಬುದು ಗೊತ್ತಾದ ಮೇಲೆ.

ಪಠ್ಯವಾದ್ದರಿಂದ ಎರಡನೇ ಮುದ್ರಣ ಬೇಗ ಬರುತ್ತದೆ. ಹೆಸರಿನ ವಿಷಯ ನನಗೆ ಬಿಡು. ಎಲ್ಲವನ್ನೂ ಸರಿಪಡಿಸುತ್ತೇನೆ.

ಹಂಸ

*

ಚನ್ನರಾಯಪಟ್ಟಣ
30 ನವೆಂಬರ್ 2004

ಹಂಸ ಮೇಡಂ ಅವರಿಗೆ,

ಎರಡನೇ ಮುದ್ರಣ ನೋಡಿದೆ. ಡಿಗ್ರಿ ಓದುವ ಹುಡುಗಿಯೊಬ್ಬಳು ಪಾಸ್‌ಪೋರ್ಟ್ ಸೈಜ್ ಫೋಟೋಗೆ ಬಂದಿದ್ದಳು. ತಲೆ ಬಾಚಿಕೊಳ್ಳುವಾಗ ಪುಸ್ತಕವನ್ನು ನನ್ನ ಟೇಬಲ್ ಮೇಲೆ ಇಟ್ಟಳು. ಒಳಗೆ ಮೊದಲ ಹಾಳೆಯ ಕೆಳಗೆ ಸಣ್ಣ ಅಕ್ಷರ ಇದೆಯಾ ಅಂತ ಹುಡುಕಿದೆ. ಇತ್ತು. "ಮೊದಲ ಮುದ್ರಣದ ಮುಖಪುಟದಲ್ಲಿ ಸ್ಟುಡಿಯೋದವರ ಕೈತಪ್ಪಿನಿಂದ ಸೇರಿಹೋಗಿದ್ದ ಆಕೃತಿಯನ್ನು ತೆಗೆದುಹಾಕಲಾಗಿದೆ." ಅವಳ ಫೋಟೋ ಪ್ರಿಂಟ್ ಆಗುವವರೆಗೆ ಕೊನೆಯ ಪ್ರಬಂಧವನ್ನೂ ಓದಿದೆ. ಹರಿಗೋಲಿನವನು ಇಲ್ಲ. ಈಗ ನೀವು ಖಾಲಿ ನೀರನ್ನು ನೋಡುತ್ತಾ ನಿಂತಿದ್ದೀರಿ. ಅದೂ ಚೆನ್ನಾಗಿದೆ. ನಿಮಗೆ ಬರೆಯಲು ಬರುತ್ತದೆ.

ಸ್ಟುಡಿಯೋದವರು. ಆಕೃತಿ. ಈ ಎರಡು ಮಾತು ಬಿಟ್ಟು ನಾನು ಬೇರೆ ಯಾವುದಕ್ಕೂ ಅಳಲಿಲ್ಲ.

ನಿಮಗೆ ಒಂದು ಸಂಗತಿ ತಿಳಿಸಬೇಕು. ಸರಿಪಡಿಸುತ್ತೇನೆ ಅಂತ ನೀವು ಬರೆದ ಸಂತೋಷಕ್ಕೆ ಮೇ ತಿಂಗಳಲ್ಲಿ ಅವ್ವನನ್ನು ಕರೆದುಕೊಂಡು ಹೊನ್ನಾವರಕ್ಕೆ ಹೋಗಿ ಬಂದೆ. ದಾರಿಯುದ್ದಕ್ಕೂ ಅವಳಿಗೆ ವಾಂತಿ. ದಕ್ಕೆಯ ಮೇಲೆ ನಿಲ್ಲಿಸಿದೆ. ಆ ಟೀಚರ್ ಹೇಳಿದ್ದು ನಿಜ, ಅಲ್ಲಿ ಹರಿಗೋಲು ಇಲ್ಲ, ಇರಲೂ ಆಗುವುದಿಲ್ಲ. ಅವ್ವ ಕಣ್ಣಿನ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. "ಅಯ್ಯೋ ನಿನ್ನ, ಇಷ್ಟೊಂದು ನೀರ್ನಾಗೆ ನಿಮ್ಮಪ್ಪನ್ನ ಒಬ್ನೇ ಬುಟ್ಬುಟ್ಟಿದ್ಯಲ್ಲಮ್ಮಿ!" ಅಂತ ನನ್ನ ಬೆನ್ನಿಗೆ ಒಂದು ಏಟು ಹಾಕಿದಳು. ಆಗ ನಗು ಬಂದಿತ್ತು.

ಬೆಂಗಳೂರಿನ ಅಚ್ಚಿನವರು ಕಂಪ್ಯೂಟರಿನಲ್ಲಿ ಅಳಿಸಿದ್ದಾರೆ ಅಂತ ಕಾಣುತ್ತದೆ. ಕೆಲಸ ಬಲ್ಲವರು. ಅಪ್ಪನ ತಲೆಯ ಮೇಲಿದ್ದ ಮುಂಡಾಸು, ಹೆಗಲು, ಗಳು, ಹರಿಗೋಲು, ಯಾವುದರ ಅಂಚೂ ಉಳಿದಿಲ್ಲ. ಪಕ್ಕದ ಮಂಜನ್ನೇ ತಂದು ಮುಚ್ಚಿದ್ದಾರೆ. ಬೇರೆಯವರಾಗಿದ್ದರೆ ಗೊತ್ತಾಗುತ್ತಲೇ ಇರಲಿಲ್ಲ.

ಆದರೆ ಅವರು ನೀರಿನ ಹತ್ತಿರ ಬೆಳೆದವರಲ್ಲ. ಮೇಲಿದ್ದದ್ದನ್ನು ಅಳಿಸಿದರು, ಕೆಳಗೆ ನೀರಿನಲ್ಲಿದ್ದದ್ದನ್ನು ನೋಡಲಿಲ್ಲ. ನಾನು ಇಪ್ಪತ್ತನಾಲ್ಕು ಸಲ ಇಳಿಸಿದ್ದ ನೆರಳು ನಿಮ್ಮ ಪುಸ್ತಕದ ಮೇಲೆ ಹಾಗೇ ಇದೆ. ತೆಳ್ಳಗಿದೆ, ನೀರಿನ ಕಲೆ ಅಂದುಕೊಂಡಿರಬೇಕು. ಎಷ್ಟು ಸಾವಿರ ಪುಸ್ತಕ ಅಚ್ಚಾಗಿದೆಯೋ ಅಷ್ಟರಲ್ಲೂ ಇದೆ.

ಹುಡುಗಿ ಹೋಗುವ ಮುಂಚೆ ಪುಸ್ತಕವನ್ನು ಅವ್ವನಿಗೆ ತಿರುಗಿಸಿ ಕೊಟ್ಟೆ. ನೀವೂ ಒಂದು ಸಲ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ನೋಡಿ. ನಿಮ್ಮ ದೋಣಿಗಳೆಲ್ಲ ಮಗುಚಿಕೊಂಡಿರುತ್ತವೆ. ಅಪ್ಪ ನೆಟ್ಟಗೆ ನಿಂತಿರುತ್ತಾನೆ.

ಇದನ್ನು ಮಾತ್ರ ಸರಿಪಡಿಸಬೇಡಿ.

ಹುಲಿಯಪ್ಪನ ಮಗಳು
ಯಮುನಾ